ಬೆಟ್ಟದೂರಿನ ಜೀಪು: ಟರ್ಬೊವೋ, ಎಂಜಿನ್ ಕೆಲಸವೋ?

ಸೋಮವಾರಪೇಟೆಯ ಸುತ್ತಮುತ್ತ ಕಾಫಿಯ ಕೊಯ್ಲು ಮುಗಿದು, ಒಣಗಿದ ಚೆರಿಯೂ ಪಾರ್ಚ್‌ಮೆಂಟೂ ಮೂಟೆಗಳಾಗಿ ಕುಶಾಲನಗರದ ಕ್ಯೂರಿಂಗ್ ಕಾರ್ಖಾನೆಗಳ ಕಡೆಗೆ ಇಳಿದುಹೋಗಿ, ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗುವ ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ, ವರ್ಷವಿಡೀ ಮುಂದೂಡಿದ ಖರ್ಚುಗಳೆಲ್ಲ ಏಕಕಾಲಕ್ಕೆ ತಲೆಯೆತ್ತುತ್ತವೆ. ಮನೆಯ ಹೆಂಚು, ತೋಟದ ಸ್ಪ್ರಿಂಕ್ಲರ್ ಪಂಪು, ಮಕ್ಕಳ ಕಾಲೇಜಿನ ಶುಲ್ಕ ಮೊದಲಾದ ಗಂಭೀರ ವಿಷಯಗಳ ಸಾಲಿನಲ್ಲಿ, ತಾನೇನು ಕಡಿಮೆ ಎಂಬಂತೆ, ಹಳೆಯ ಜೀಪಿನ ವಿಚಾರವೂ ಬಂದು ನಿಲ್ಲುತ್ತದೆ. ಹಿಂದಿನ ಮಳೆಗಾಲದಲ್ಲಿ ಶಾಂತಳ್ಳಿಯ ಏರಿನಲ್ಲಿ ಅದು ಎರಡನೆಯ ಗೇರಿನಿಂದ ಒಂದನೆಯ ಗೇರಿಗೆ ಇಳಿದದ್ದು, ಬೀದಳ್ಳಿಯ ಕಡೆಯಿಂದ ಗೊಬ್ಬರದ ಮೂಟೆ ಹೇರಿಕೊಂಡು ಬರುವಾಗ ಹಿಂದೆ ಬರುವವರ ಕಣ್ಣು ಕತ್ತಲಾಗುವಷ್ಟು ಕರಿಹೊಗೆ ಉಗುಳಿದ್ದು, ಮಾದಾಪುರದ ತಿರುವಿನಲ್ಲಿ ಬಸ್ಸಿನವನು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದದ್ದು ಎಲ್ಲವೂ ಆಗ ನೆನಪಾಗುತ್ತವೆ.

ಗ್ಯಾರೇಜಿನಲ್ಲಿ ನಡೆಯುವ ಸಂಭಾಷಣೆಯೂ ಬಹುಮಟ್ಟಿಗೆ ಒಂದೇ ತೆರನಾದದ್ದು. “ಮೇಸ್ತ್ರಿ, ಗಾಡೀಲಿ ಎಳೆತವೇ ಇಲ್ಲವಲ್ಲ, ಒಂದು ಟರ್ಬೊ ಹಾಕ್ಸಿಬಿಡೋಣವೇ?” ಎಂದು ಒಡೆಯನು ಕೇಳುತ್ತಾನೆ. “ಹಾಕ್ಬಹುದು ಗೌಡ್ರೆ, ಆದ್ರೆ ಎಂಜಿನ್ ತಡೀಬೇಕಲ್ಲ. ಮೊದ್ಲು ಬೋರ್ ಏನಾಗಿದೆ ನೋಡೋಣ” ಎಂದು ಮೇಸ್ತ್ರಿ ಹೇಳುತ್ತಾನೆ. ಒಡೆಯನಿಗೆ ಇದು ಕೆಲಸ ಹೆಚ್ಚಿಸಿಕೊಳ್ಳುವ ಉಪಾಯವಾಗಿ ತೋರಬಹುದು. ಆದರೆ ಈ ಎರಡು ಮಾತುಗಳ ನಡುವೆ ಇರುವ ವಿಚಾರವು ಸಾಮಾನ್ಯ ವಾಚಕನೂ ತಿಳಿದಿರಬೇಕಾದಷ್ಟು ಮಹತ್ವದ್ದು. ಏಕೆಂದರೆ ಕೈಯಲ್ಲಿರುವ ಹಣವು ಎರಡರಲ್ಲೊಂದಕ್ಕೆ ಮಾತ್ರ ಸಾಲುವಂತಿದ್ದಾಗ, ಮೊದಲು ಯಾವುದಕ್ಕೆ ಕೈಹಾಕಬೇಕೆಂಬುದರ ಮೇಲೆಯೇ ಆ ಹಣವು ಉಳಿಯುವುದೂ ಬೂದಿಯಾಗುವುದೂ ನಿಂತಿರುತ್ತದೆ.

ಎಳೆತ ಕಡಿಮೆಯಾಯಿತೆಂದು ಎಂಜಿನ್ನನ್ನು ದೂರುವ ಮೊದಲು ಬೆಟ್ಟದ ಪಾಲು ಎಷ್ಟೆಂದು ಲೆಕ್ಕ ಹಾಕುವುದು ನ್ಯಾಯ. ಸೋಮವಾರಪೇಟೆಯು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಮಂಗಳೂರಿನ ಕಡಲತೀರದಲ್ಲಿ ಸುಮಾರು 1013 ಮಿಲಿಬಾರ್ ಇರತಕ್ಕ ವಾಯುವಿನ ಒತ್ತಡ ಇಲ್ಲಿಗೆ ಬರುವಷ್ಟರಲ್ಲಿ 890ರ ಆಸುಪಾಸಿಗೆ ಇಳಿದಿರುತ್ತದೆ. ಒತ್ತಡ ಇಳಿದಂತೆ ವಾಯುವಿನ ಸಾಂದ್ರತೆಯೂ ಇಳಿಯುವುದರಿಂದ, ಒಂದೇ ಗಾತ್ರದ ಗಾಳಿಯಲ್ಲಿ ಇಲ್ಲಿ ದೊರೆಯುವ ಆಮ್ಲಜನಕ ಕಡಲತೀರದಲ್ಲಿ ದೊರೆಯುವುದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಎಂಜಿನ್ನೆಂಬುದು ಮೂಲತಃ ಗಾಳಿಯನ್ನು ಎಳೆದುಕೊಂಡು, ಅದರಲ್ಲಿ ಇಂಧನವನ್ನು ಉರಿಸಿ, ಹೊರಗೆ ದೂಡುವ ಯಂತ್ರ. ಮಹೀಂದ್ರ ಜೀಪಿನ ಡಿ.ಐ., ಅಂದರೆ ಡೈರೆಕ್ಟ್ ಇಂಜೆಕ್ಷನ್, ಎಂಜಿನ್ನಿನ ಅಳತೆ 2523 ಸಿ.ಸಿ. ಎಂದರೆ, ನಾಲ್ಕು ಸಿಲಿಂಡರುಗಳೂ ಸೇರಿ ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿಯನ್ನು ಒಳಗೆಳೆಯಬಲ್ಲವೆಂದು ಅರ್ಥ. ನಿಮಿಷಕ್ಕೆ 2000 ಸುತ್ತಿನಲ್ಲಿ ತಿರುಗುವಾಗ ಅದು ನಿಮಿಷಕ್ಕೆ ಹೆಚ್ಚೆಂದರೆ 2523 ಲೀಟರು ಗಾಳಿಯನ್ನು ಸೇವಿಸೀತು. ಕಡಲತೀರದಲ್ಲಿ ಈ ಗಾಳಿಯ ತೂಕ ಸುಮಾರು ಮೂರು ಕಿಲೊ. ಸೋಮವಾರಪೇಟೆಯಲ್ಲಿ ಎರಡು ಮುಕ್ಕಾಲು ಕಿಲೊ ಕೂಡ ಆಗದು. ಟರ್ಬೊ ಇಲ್ಲದ ಎಂಜಿನ್ನು ನೂರು ಮೀಟರ್ ಏರಿದಂತೆ ಸುಮಾರು ಶೇಕಡಾ ಒಂದರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆಂದು ವಾಹನ ತಜ್ಞರು ಹೇಳುವ ಸ್ಥೂಲ ನಿಯಮಕ್ಕೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಂತೂ ಇದಕ್ಕಿಂತಲೂ ಮೇಲೇರಬೇಕಾದವುಗಳು.

ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹಳೆಯ ಮಾದರಿಯ ಇಂಧನ ಪಂಪಿಗೆ ಗಾಳಿ ತೆಳುವಾದದ್ದು ತಿಳಿಯುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಅದು ಮಂಗಳೂರಿನಲ್ಲಿ ಎಷ್ಟೋ ಇಲ್ಲಿಯೂ ಅಷ್ಟೇ ಡೀಸೆಲನ್ನು ಹಾಯಿಸುತ್ತದೆ. ಗಾಳಿ ಸಾಲದೆ ಉರಿಯದೆ ಉಳಿದ ಪಾಲು ಕರಿಹೊಗೆಯಾಗಿ ಹೊರಬೀಳುತ್ತದೆ. ಹೀಗಿರುವಾಗ, ‘ಪಂಪ್ ಸ್ವಲ್ಪ ಜಾಸ್ತಿ ಮಾಡಿಸಿದರೆ ಪಿಕಪ್ ಬರುತ್ತದೆ’ ಎಂಬ ನಂಬಿಕೆಯಿಂದ ತಿರುಪನ್ನು ತಿರುಗಿಸಿಕೊಂಡು ಬರುವವರು, ಗಾಳಿಯ ಕೊರತೆಯನ್ನು ಡೀಸೆಲಿನಿಂದ ತುಂಬಲು ಹೊರಟು, ಪಿಸ್ಟನ್ನಿನ ತಲೆಯನ್ನು ಸುಡಿಸಿಕೊಂಡು, ತಿಂಗಳ ಡೀಸೆಲ್ ಬಿಲ್ಲನ್ನೂ ಬೆಳೆಸಿಕೊಳ್ಳುತ್ತಾರೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅತಿ ಅಗ್ಗವೂ ಅತಿ ಹಾನಿಕರವೂ ಆದ ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

ಬೆಟ್ಟ ಕಸಿದುಕೊಂಡ ಗಾಳಿಯನ್ನು ಯಂತ್ರದಿಂದಲೇ ಮರಳಿ ಕೊಡಿಸುವ ಆಲೋಚನೆ ನೂರು ವರ್ಷಕ್ಕೂ ಹಿಂದಿನದು. ಹೊಗೆಕೊಳವೆಯ ಮೂಲಕ ವ್ಯರ್ಥವಾಗಿ ಹೋಗುವ ಬಿಸಿ ಅನಿಲದ ವೇಗದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬಹುದೆಂದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದನು. ಆದರೆ ಈ ಸಾಧನದ ಮಹಿಮೆ ಜನರ ಕಣ್ಣಿಗೆ ಬಿದ್ದದ್ದು ಬೆಟ್ಟದ ಮೇಲೆಯೇ. 1918ರಲ್ಲಿ ಅಮೆರಿಕೆಯ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರನು, ಲಿಬರ್ಟಿ ಎಂಬ ವಿಮಾನದ ಎಂಜಿನ್ನೊಂದನ್ನು ಕೊಲರಾಡೊ ಪ್ರಾಂತ್ಯದ ಪೈಕ್ಸ್ ಪೀಕ್ ಎಂಬ, ಹದಿನಾಲ್ಕು ಸಾವಿರ ಅಡಿಗೂ ಮೀರಿದ ಶಿಖರಕ್ಕೆ ಸಾಗಿಸಿ, ಅಲ್ಲಿಯೇ ಓಡಿಸಿ ಅಳೆದನು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಆ ಎಂಜಿನ್ನು ಮೇಲೆ 230ರಷ್ಟಕ್ಕೆ ಕುಸಿದಿತ್ತು. ಟರ್ಬೊ ಜೋಡಿಸಿದೊಡನೆ ಮತ್ತೆ 350ನ್ನು ದಾಟಿತು. ನಮ್ಮ ಪುಷ್ಪಗಿರಿ ಆ ಶಿಖರದ ಅರ್ಧದಷ್ಟೂ ಎತ್ತರವಿಲ್ಲವೆಂಬುದು ನಿಜವಾದರೂ, ಸೋಮವಾರಪೇಟೆಯ ಜೀಪು ಅನುಭವಿಸುವ ಕಷ್ಟವೂ ಅದೇ ಜಾತಿಯದು, ಪರಿಹಾರವೂ ಅದೇ ಜಾತಿಯದು.

ಗಾಳಿಯನ್ನು ಬಲವಂತವಾಗಿ ತುಂಬುವ ಇನ್ನೊಂದು ಸಾಧನ ಸೂಪರ್‌ಚಾರ್ಜರ್. ಇದು ಹೊಗೆಯಿಂದಲ್ಲ, ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವಂಥದು. ಆಕ್ಸಿಲರೇಟರ್ ಒತ್ತಿದೊಡನೆ ಕೆಲಸಮಾಡುವುದು ಅದರ ಗುಣ, ಕೊಡುವ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ತಿನ್ನುವುದು ಅದರ ದೋಷ. ಭಾರತದ ಜೀಪುಗಳಿಗೆ ಹೊಂದುವ ಸೂಪರ್‌ಚಾರ್ಜರ್ ಅಗ್ಗವಾಗಿ ದೊರೆಯುವಂತೆಯೂ ಇಲ್ಲ, ದೊರೆತರೂ ಅದನ್ನು ರಿಪೇರಿಮಾಡುವ ಕೈ ಈ ಸೀಮೆಯಲ್ಲಿಲ್ಲ. ಆದುದರಿಂದ ಅದರ ವಿಚಾರವನ್ನು ಇಲ್ಲಿಗೇ ಬಿಡುತ್ತೇನೆ.

ಇನ್ನು ಎಂಜಿನ್ ಕೆಲಸವೆಂದರೇನು? ಹೆಡ್ ಇಳಿಸಿ ವಾಲ್ವ್ ಗ್ರೈಂಡ್ ಮಾಡಿಸುವುದರಿಂದ ಹಿಡಿದು, ಲೇತಿನಲ್ಲಿ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಬೇರಿಂಗ್ ಬದಲಾಯಿಸುವುದು, ನಾಝಲ್ ಮತ್ತು ಪಂಪುಗಳನ್ನು ಕ್ಯಾಲಿಬ್ರೇಶನ್‌ಗೆ ಕೊಡುವುದು, ಇಷ್ಟೆಲ್ಲವೂ ಆ ಹೆಸರಿನಲ್ಲಿ ಅಡಗುತ್ತವೆ. ಇವುಗಳಿಂದ ಎಂಜಿನ್ನು ‘ದೊಡ್ಡದಾಗುತ್ತದೆ’ ಎಂಬ ಭ್ರಮೆ ಅನೇಕರಲ್ಲಿ ಉಂಟು. ಡಿ.ಐ. ಎಂಜಿನ್ನಿನ ಬೋರ್, ಎಂದರೆ ಸಿಲಿಂಡರಿನ ಒಳವ್ಯಾಸ, 88.9 ಮಿಲಿಮೀಟರ್, ಪಿಸ್ಟನ್ನಿನ ಏರಿಳಿತ 101.6 ಮಿಲಿಮೀಟರ್, ಅಂದರೆ ಅಂಗುಲದ ಲೆಕ್ಕದಲ್ಲಿ ಮೂರೂವರೆ ಮತ್ತು ನಾಲ್ಕು. ಈ ಅಂಗುಲದ ಅಳತೆಗಳೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರ್ಯಾಕ್ಟರುಗಳ ವಂಶದ ಗುರುತು. ಈ ಎಂಜಿನ್ನಿಗೆ ಒಂದು ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ, ಲೆಕ್ಕದ ಪ್ರಕಾರ 2523 ಸಿ.ಸಿ. ಇದ್ದದ್ದು 2580 ಆಗುತ್ತದೆ. ಹೆಚ್ಚಿದ್ದು 57 ಸಿ.ಸಿ., ಶೇಕಡಾ ಎರಡಕ್ಕೆ ತುಸು ಮೇಲೆ. ಬೆಟ್ಟವು ಹತ್ತನ್ನು ಕಸಿದುಕೊಂಡಿರುವಾಗ ಲೇತಿನವನು ಎರಡನ್ನು ಕೊಟ್ಟಂತಾಯಿತು.

ಹಾಗಾದರೆ ಬೋರ್ ಕೆಲಸಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಆ ಬೆಲೆ ಹಿಗ್ಗಿದ ಗಾತ್ರದಲ್ಲಿಲ್ಲ, ನಿಂತ ಸೋರಿಕೆಯಲ್ಲಿದೆ. ಲಕ್ಷಾಂತರ ಕಿಲೋಮೀಟರು ತೋಟದ ಧೂಳಿನಲ್ಲಿ ತಿರುಗಿದ ಎಂಜಿನ್ನಿನ ಬೋರು ಕಾಲಾನುಕ್ರಮದಲ್ಲಿ ಅಂಡಾಕಾರಕ್ಕೆ ಸವೆಯುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ಗಿಲ್ಲ. ಗಾಳಿಯನ್ನು ಹದಿನೇಳು ಪಟ್ಟು, ಕೆಲವು ಎಂಜಿನ್ನುಗಳಲ್ಲಿ ಇಪ್ಪತ್ತು ಪಟ್ಟಿಗೂ ಮೀರಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಪಿಸ್ಟನ್ನಿನ ರಿಂಗುಗಳ ಬದಿಯಿಂದ ಆ ಒತ್ತಡ ಕೆಳಗಿಳಿದು ಹೋಗತೊಡಗಿತೆಂದರೆ, ಬೆಳಗಿನ ಚಳಿಗೆ ಸ್ಟಾರ್ಟ್ ಆಗದಿರುವುದು, ಎಂಜಿನ್ ಆಯಿಲ್ ಕರಗುತ್ತ ಹೋಗುವುದು, ಏರಿನಲ್ಲಿ ಎಳೆತ ಬೀಳುವುದು ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಇಂಥ ಎಂಜಿನ್ನಿಗೆ ಟರ್ಬೊ ಜೋಡಿಸುವುದು ತೂತು ಬಿದ್ದ ಕೊಡಕ್ಕೆ ಎರಡು ಬಾವಿಯಿಂದ ನೀರೆತ್ತಿ ಸುರಿದಂತೆ. ಒತ್ತಿ ತುಂಬಿದ ಗಾಳಿ ಕೆಳಗಿನ ಆಯಿಲ್ ಚೇಂಬರಿಗಿಳಿದು, ಸೀಲುಗಳ ಬದಿಯಿಂದ ಆಯಿಲನ್ನು ಹೊರಗೆ ನೂಕುತ್ತದೆ. ಹಾಕಿಸಿದವನು ‘ಟರ್ಬೊ ಕೆಟ್ಟದ್ದು’ ಎಂದು ಊರೆಲ್ಲ ಸಾರಿಕೊಂಡು ಬರುತ್ತಾನೆ.

ತನ್ನ ಎಂಜಿನ್ನು ಯಾವ ಸ್ಥಿತಿಯಲ್ಲಿದೆಯೆಂಬುದನ್ನು ತಿಳಿಯಲು ಒಡೆಯನು ಎಂಜಿನಿಯರನಾಗಬೇಕಾಗಿಲ್ಲ. ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆಯೇ ಆಯಿಲ್ ತುಂಬುವ ಮುಚ್ಚಳವನ್ನು ಸಾವಕಾಶವಾಗಿ ತಿರುಗಿಸಿ ತೆಗೆದು ನೋಡಬೇಕು. ತೆಳ್ಳಗೆ ಆವಿಯಾಡಿದರೆ ಚಿಂತೆಯಿಲ್ಲ. ಪುಸು ಪುಸು ಎಂದು ತಾಳಬದ್ಧವಾಗಿ ಹೊಗೆ ಎದ್ದರೆ, ಮುಚ್ಚಳವನ್ನು ಮಗುಚಿ ರಂಧ್ರದ ಮೇಲೆ ಇಟ್ಟಾಗ ಅದು ಕುಣಿದು ಕೆಳಗುರುಳಿದರೆ, ರಿಂಗುಗಳ ಕಥೆ ಮುಗಿದಿದೆಯೆಂದು ತಿಳಿಯಬಹುದು. ಹೊಗೆಯ ಬಣ್ಣವೂ ಮಾತಾಡುತ್ತದೆ: ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ಬಿಳಿಯಾಗಿಯೇ ಉಳಿದರೆ ಒಂದೋ ನಾಝಲ್ ತೊಟ್ಟಿಕ್ಕುತ್ತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ಟಿನಿಂದ ನೀರು ಒಳನುಗ್ಗುತ್ತಿದೆ. ಇದಾದ ಮೇಲೆ ನಾಲ್ಕು ಸಿಲಿಂಡರಿಗೂ ಕಂಪ್ರೆಶನ್ ಗೇಜ್ ಹಾಕಿಸಿ ನೋಡಿದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಮೂರು ಸರಿಯಿದ್ದು ಒಂದು ಮಾತ್ರ ಬಿದ್ದಿದ್ದರೆ ವಾಲ್ವಿನ ದೋಷವೇ ಇರಬಹುದು. ಹೆಡ್ ಇಳಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ನಾಲ್ಕೂ ಬಿದ್ದಿದ್ದರೆ ಪೂರ್ತಿ ಕೆಲಸವೇ ಗತಿ.

ಈ ಪರೀಕ್ಷೆಯಲ್ಲಿ ಎಂಜಿನ್ನು ಗಟ್ಟಿಯೆಂದು ತೇರ್ಗಡೆಯಾದರೆ, ಆಗ ಟರ್ಬೊವಿನ ಮಾತನ್ನು ಎತ್ತಬಹುದು. ಡೀಸೆಲ್ ಎಂಜಿನ್ನಿಗೆ ಟರ್ಬೊ ಒಗ್ಗುವಷ್ಟು ಇನ್ನಾವುದೂ ಒಗ್ಗದೆಂಬುದರಲ್ಲಿ ಎರಡು ಮಾತಿಲ್ಲ. ಹೆಚ್ಚು ಗಾಳಿ ದೊರೆತಷ್ಟೂ ಅದು ಹೊಗೆ ಕಡಿಮೆ ಮಾಡಿ ನೆಮ್ಮದಿಯಿಂದ ಉರಿಯುತ್ತದೆ. ಕಡಲತೀರದ ಒತ್ತಡವನ್ನು ಮರಳಿ ಪಡೆಯಲು ನಮಗೆ ಬೇಕಾದದ್ದು ಬಾರ್ ಎಂಬ ಮಾನದಲ್ಲಿ ಎಂಟನೆಯ ಒಂದು ಪಾಲು ಮಾತ್ರ. ಆದ್ದರಿಂದ ಅರ್ಧ ಬಾರ್‌ಗೂ ಕಡಿಮೆ ಒತ್ತಡದ, ಸಂಯಮವುಳ್ಳ ಟರ್ಬೊ ಕೂಡ ಬೆಟ್ಟದ ಸಾಲವನ್ನು ತೀರಿಸಿ ಮೇಲೆ ಒಂದಿಷ್ಟನ್ನು ಉಳಿಸಿಕೊಟ್ಟೀತು. ದುರಾಸೆ ಹುಟ್ಟುವುದು ಇದರಾಚೆಗೆ.

ಟರ್ಬೊ ಎಂದು ಅಂಗಡಿಯಲ್ಲಿ ಹೇಳುವ ಬೆಲೆ ಆ ಬಸವನಹುಳುವಿನಾಕಾರದ ಕಬ್ಬಿಣದ ತುಂಡಿನ ಬೆಲೆ ಮಾತ್ರ. ಅದನ್ನು ಕೂರಿಸಲು ಹೊಗೆಯ ಮ್ಯಾನಿಫೋಲ್ಡನ್ನು ಹೊಸದಾಗಿ ಬೆಸೆಯಬೇಕು. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುವ ಅದರ ದಂಡವು ತೇಲುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆಯೇ ಆದುದರಿಂದ, ಒತ್ತಡದ ಆಯಿಲನ್ನು ತರುವ ಒಂದು ಕೊಳವೆಯೂ, ಅದು ತಾನಾಗಿ ಇಳಿದುಹೋಗುವಂತೆ ಓರೆಯಾದ ಇನ್ನೊಂದು ಅಗಲ ಕೊಳವೆಯೂ ಬೇಕು. ಈ ಎರಡನೆಯದನ್ನು ಮಟ್ಟಸವಾಗಿ ಇಟ್ಟುಬಿಟ್ಟ ಬೆಸುಗೆಯವನ ದೆಸೆಯಿಂದ ಎಷ್ಟೋ ಹೊಸ ಟರ್ಬೊಗಳು ಆಯಿಲ್ ಕಾರಿ ಸತ್ತಿವೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುವುದು ಪ್ರಕೃತಿನಿಯಮ: 25 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ, ಸಾಧಾರಣ ಟರ್ಬೊವಿನಲ್ಲಿ ಅದು 75 ಡಿಗ್ರಿಯನ್ನು ದಾಟುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಿದ ಪ್ರಯೋಜನದಲ್ಲಿ ಒಂದಂಶ ಅಲ್ಲಿಯೇ ನಷ್ಟ. ಅದನ್ನು ಉಳಿಸಿಕೊಳ್ಳಬೇಕಾದರೆ ಇಂಟರ್‌ಕೂಲರ್ ಬೇಕು, ಅದಕ್ಕೆ ಗ್ರಿಲ್ಲಿನ ಹಿಂದೆ ಜಾಗ ಬೇಕು. ಇವೆಲ್ಲ ಮುಗಿದ ಮೇಲೆ, ಹೆಚ್ಚಿದ ಗಾಳಿಗೆ ತಕ್ಕಂತೆ ಪಂಪನ್ನು ಹೊಂದಿಸಬೇಕು. ಬೆಂಗಳೂರಿನ ಮೈಕೊ ಕಾರ್ಖಾನೆಯಿಂದ ಬಂದ ಆ ಹಳೆಯ ಪಂಪುಗಳನ್ನು ಬಲ್ಲ ಕ್ಯಾಲಿಬ್ರೇಶನ್ ಅಂಗಡಿಗಳು ದೊಡ್ಡ ಊರುಗಳಲ್ಲಿ ಈಗಲೂ ಇವೆ. ಕಣ್ಣಳತೆಯಿಂದ ತಿರುಪು ತಿರುಗಿಸುವವರಿಂದ ಮಾತ್ರ ಈ ಕೆಲಸವನ್ನು ಮಾಡಿಸಬಾರದು. ಕ್ಲಚ್ ಪ್ಲೇಟು, ರೇಡಿಯೇಟರು, ಹೆಡ್ ಗ್ಯಾಸ್ಕೆಟ್ಟುಗಳ ಪಾಳಿ ಆಮೇಲೆ ಬರುತ್ತದೆ. ಒಟ್ಟು ಲೆಕ್ಕ ಹಾಕಿದರೆ, ಅಂಗಡಿಯವನು ಹೇಳಿದ ಬೆಲೆಯ ಎರಡರಷ್ಟಾದರೂ ಕೈಯಲ್ಲಿಟ್ಟುಕೊಳ್ಳದೆ ಈ ಕಾರ್ಯಕ್ಕೆ ಇಳಿಯುವುದು ಅವಿವೇಕವೆಂದೇ ನಾನು ಹೇಳುವೆನು.

ಪೆಟ್ರೋಲ್ ಗಾಡಿಯವರಿಗಂತೂ ನನ್ನ ಸಲಹೆ ಇನ್ನೂ ಚುಟುಕು: ಹೊರಗಿನಿಂದ ಟರ್ಬೊ ಜೋಡಿಸುವ ಆಸೆಯನ್ನೇ ಬಿಡಿ. ಪೆಟ್ರೋಲ್ ಎಂಜಿನ್ನಿನೊಳಕ್ಕೆ ಗಾಳಿಯೊಡನೆ ಇಂಧನವೂ ಬೆರೆತೇ ಬರುವುದರಿಂದ, ಒತ್ತಡವೂ ಶಾಖವೂ ಹೆಚ್ಚಾದಾಗ ಕಿಡಿ ಹಾರುವ ಮೊದಲೋ ಹಾರಿದ ಬಳಿಕವೋ ಆ ಮಿಶ್ರಣ ತಾನಾಗಿಯೇ ಸ್ಫೋಟಿಸುವುದುಂಟು. ಒಳಗಿನಿಂದ ಗಡಗಡ ಎಂಬ ಸದ್ದು ಕೇಳಿಸುವ ಈ ‘ನಾಕಿಂಗ್’ ಪಿಸ್ಟನ್ನನ್ನು ತೂತುಮಾಡಲು ಹೆಚ್ಚು ಹೊತ್ತು ಬೇಕಾಗದು. ಕಂಪನಿಗಳು ಟರ್ಬೊ ಪೆಟ್ರೋಲ್ ಎಂಜಿನ್ನನ್ನು ಮಾರುವಾಗ ಪಿಸ್ಟನ್, ಇಂಜೆಕ್ಟರ್, ಗಣಕ ಎಲ್ಲವನ್ನೂ ಅದಕ್ಕೆಂದೇ ರೂಪಿಸಿರುತ್ತವೆ. ಮಾರುತಿಯ ಹಳೆಯ ಜಿಪ್ಸಿಗೆ ಅಥವಾ ಮಾರುತಿ 800ಕ್ಕೆ ಗುಜರಿಯ ಟರ್ಬೊ ಸಿಕ್ಕಿಸುವವರು ಅವುಗಳಲ್ಲಿ ಒಂದನ್ನೂ ಮಾಡಿರುವುದಿಲ್ಲ.

ಟರ್ಬೊ ಜೋಡಿಸುವುದು, ಎಂಜಿನ್ ಕೆಲಸ ಮಾಡಿಸುವುದು ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ನನ್ನ ಮೆಚ್ಚುಗೆ ಇದಕ್ಕೇ ಸಲ್ಲುತ್ತದೆ. ತಯಾರಕನೇ ಮೇಲ್ಮಟ್ಟಕ್ಕೇರಿಸಿದ ಅದೇ ವಂಶದ ಎಂಜಿನ್ನನ್ನು ಇಡಿಯಾಗಿ ತಂದು ಕೂರಿಸುವುದೇ ಆ ದಾರಿ. ಜಿಪ್ಸಿಯ ಚರಿತ್ರೆಯೇ ಇದಕ್ಕೆ ಉತ್ತಮ ನಿದರ್ಶನ: 1985ರಲ್ಲಿ ಅದು 970 ಸಿ.ಸಿ.ಯ 45 ಅಶ್ವಶಕ್ತಿಯ ಎಂಜಿನ್ನಿನೊಡನೆ ಬಂತು. 1996ರಲ್ಲಿ 1298 ಸಿ.ಸಿ.ಯ ಜಿಪ್ಸಿ ಕಿಂಗ್ 60 ಅಶ್ವಶಕ್ತಿಯನ್ನು ತಂದಿತು. ಕಾರ್ಬುರೇಟರ್ ಹೋಗಿ, ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂ.ಪಿ.ಎಫ್.ಐ. ಬಂದಾಗ ಅದೇ 1298 ಸಿ.ಸಿ. 80ರಷ್ಟನ್ನು ಕೊಟ್ಟಿತು. ಟರ್ಬೊವಿನ ಗಾಳಿಯೇ ಸೋಂಕದೆ, ಗಾತ್ರ ಮತ್ತು ಇಂಧನ ಕ್ರಮಗಳ ಸುಧಾರಣೆಯಿಂದಲೇ ಶಕ್ತಿ ಇಮ್ಮಡಿಯ ಸಮೀಪಕ್ಕೆ ಬಂದ ಕಥೆ ಇದು. ಎಂ.ಪಿ.ಎಫ್.ಐ. ಎಂಜಿನ್ನಿಗೆ ಇನ್ನೊಂದು ಗುಣವಿದೆ. ಗಾಳಿ ತೆಳುವಾದುದನ್ನು ಅದರ ಸೆನ್ಸರುಗಳು ಅರಿತು ಪೆಟ್ರೋಲನ್ನು ತಕ್ಕಷ್ಟು ಕಡಿಮೆ ಮಾಡುವುದರಿಂದ, ಬೆಟ್ಟದ ಮೇಲೆ ಕಾರ್ಬುರೇಟರಿನಂತೆ ಅದು ದುಂದುಮಾಡುವುದಿಲ್ಲ.

ಡೀಸೆಲಿನಲ್ಲಿಯೂ ಹಾಗೆಯೇ. ಮಹೀಂದ್ರದ 2523 ಸಿ.ಸಿ. ಎಂಜಿನ್ನನ್ನು ಕಂಪನಿಯವರೇ ಟರ್ಬೊ ಸಹಿತವಾಗಿ ಬೊಲೆರೊದಲ್ಲಿ ಕೊಟ್ಟರು. 2010ರಲ್ಲಿ ಬಂದ ಥಾರ್ ಡಿ.ಐ.ಯಲ್ಲಿಯೂ ಕೊಟ್ಟರು. ಅದರ ಅಶ್ವಶಕ್ತಿ 63ರ ಸುತ್ತಮುತ್ತ ಮಾತ್ರವೆಂದು ಮೂಗು ಮುರಿಯುವವರಿದ್ದಾರೆ. ಆದರೆ ಅದರ ಎಳೆತದ ಗರಿಷ್ಠ ಮಟ್ಟ, ಅಂದರೆ ಸುಮಾರು 18 ಕಿಲೊಗ್ರಾಂ ಮೀಟರ್ ಟಾರ್ಕ್, ನಿಮಿಷಕ್ಕೆ 1500 ಸುತ್ತಿನ ಸುತ್ತಮುತ್ತಲೇ ದೊರೆಯುತ್ತದೆ. ಮೂಟೆ ಹೊತ್ತು ಏರು ಹತ್ತುವವನಿಗೆ ಬೇಕಾದದ್ದು ಇದೇ ಹೊರತು, ಹೆದ್ದಾರಿಯಲ್ಲಿ ಓಡುವವನಿಗೆ ಬೇಕಾದ ಮೇಲಿನ ಸುತ್ತಿನ ಅಶ್ವಶಕ್ತಿಯಲ್ಲ. ಅದೇ ವರ್ಷದ ಥಾರಿನ ಇನ್ನೊಂದು ಎಂಜಿನ್ನು 2498 ಸಿ.ಸಿ.ಯಿಂದಲೇ 105 ಅಶ್ವಶಕ್ತಿಯನ್ನು ಪಡೆಯಿತು. ಅಲ್ಲಿ ಕೆಲಸಮಾಡಿದ್ದು ಟರ್ಬೊವೊಂದೇ ಅಲ್ಲ, ಅತ್ಯಧಿಕ ಒತ್ತಡದಿಂದ ಡೀಸೆಲನ್ನು ಚಿಮ್ಮಿಸುವ ಕಾಮನ್ ರೈಲ್ ವ್ಯವಸ್ಥೆ. ಸ್ವಿಫ್ಟಿನ ಮೂಲಕ ಮನೆಮಾತಾದ 1248 ಸಿ.ಸಿ.ಯ ಫಿಯೆಟ್ ಡೀಸೆಲ್ ಎಂಜಿನ್ನು ಸಾದಾ ಟರ್ಬೊವಿನೊಡನೆ 75 ಅಶ್ವಶಕ್ತಿ, ರೆಕ್ಕೆಗಳ ಕೋನ ಬದಲಾಗುವ ಟರ್ಬೊವಿನೊಡನೆ 90 ಅಶ್ವಶಕ್ತಿ ಕೊಡುತ್ತಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು. ಕಂಪನಿ ಕೂರಿಸಿದ ಟರ್ಬೊ ಎಂಜಿನ್ನನ್ನು ಇಡಿಯಾಗಿ ಕೊಂಡವನು, ಮ್ಯಾನಿಫೋಲ್ಡು, ಆಯಿಲ್ ಕೊಳವೆ, ಪಂಪು, ತಕ್ಕ ಪಿಸ್ಟನ್ನು ಎಲ್ಲವನ್ನೂ ಒಂದೇ ಬೆಲೆಯಲ್ಲಿ ಕೊಂಡಂತಾಗುತ್ತದೆ. ಬೆಸುಗೆಯವನ ಪ್ರಯೋಗಶಾಲೆಯಾಗುವ ದುರ್ದೆಸೆ ಅವನ ಜೀಪಿಗೆ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆ ಗುಜರಿಗಳಲ್ಲಾಗಲಿ ಎಂಜಿನ್ ಕೊಳ್ಳುವಾಗ, ಓಡಿಸಿ ತೋರಿಸದೆ ಕೊಳ್ಳಬಾರದು; ಯಾವ ಗಾಡಿಯಿಂದ ಇಳಿಸಿದ್ದೆಂಬುದರ ಕಾಗದವೂ ರಸೀದಿಯೂ ಇಲ್ಲದೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು.

ಕಾಗದದ ಮಾತು ಬಂದದ್ದರಿಂದ ಕಾನೂನನ್ನೂ ಹೇಳಿಬಿಡುವುದು ಒಳ್ಳೆಯದು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೂಲತಃ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ಯಾವ ಒಡೆಯನೂ ತನ್ನ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಒತ್ತಿಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಸವೆದ ಬೋರನ್ನು ಸರಿಪಡಿಸುವುದು ದುರಸ್ತಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಎಂಜಿನ್ನನ್ನೇ ಬದಲಿಸಿದರೆ ಹದಿನಾಲ್ಕು ದಿನಗಳೊಳಗೆ ನೋಂದಣಾಧಿಕಾರಿಗೆ ವರದಿಮಾಡಿ ಹೊಸ ಎಂಜಿನ್ ನಂಬರನ್ನು ಪತ್ರದಲ್ಲಿ ಬರೆಸಬೇಕು. ತಯಾರಕನು ಆ ಮಾದರಿಗೆ ಕೊಡದ ಟರ್ಬೊವನ್ನು ಹೊರಗಿನಿಂದ ಜೋಡಿಸಿದವನ ಸ್ಥಿತಿ ಮಾತ್ರ ಬಿಕ್ಕಟ್ಟಿನದು: ತಪಾಸಣೆಯಲ್ಲಿ ಸಿಕ್ಕಿಬೀಳುವುದಕ್ಕಿಂತಲೂ, ಅಪಘಾತವಾದ ದಿನ ವಿಮಾ ಕಂಪನಿಯವರು ಬಾನೆಟ್ ಎತ್ತಿ ನೋಡಿ ಪರಿಹಾರವನ್ನು ನಿರಾಕರಿಸುವುದು ಅವನಿಗೆ ದೊಡ್ಡ ಹೊಡೆತವಾದೀತು. ಕೊಡಗಿನ ರ‍್ಯಾಲಿ, ಆಟೊಕ್ರಾಸ್‌ಗಳಲ್ಲಿ ಗರ್ಜಿಸುವ ಗಾಡಿಗಳನ್ನು ನೋಡಿ ಮನಸೋತ ಯುವಕರು, ಅವು ಸ್ಪರ್ಧೆಯ ನಿಯಮಕ್ಕೆ ಒಳಪಟ್ಟು ಸ್ಪರ್ಧೆಯ ಅಂಗಳಕ್ಕೆಂದೇ ಸಿದ್ಧಪಡಿಸಿದವೆಂಬುದನ್ನು ಮರೆಯಬಾರದು.

ಇಷ್ಟೆಲ್ಲ ವಿಚಾರದ ನಡುವೆ ಯಾರೂ ನೋಡದ ಒಂದು ಸಂಗತಿ ಗಾಡಿಯ ಕೆಳಗೇ ಇರುತ್ತದೆ. ಹಳೆಯ ಜೀಪಿನ ಮೂಲ ಟೈರು ಇಪ್ಪತ್ತೆಂಟು ಇಪ್ಪತ್ತೊಂಬತ್ತು ಅಂಗುಲ ವ್ಯಾಸದ್ದು. ಕಣ್ಣಿಗೆ ಗಂಡಾಗಿ ಕಾಣಲೆಂದು ಅದಕ್ಕೆ 31 ಅಂಗುಲದ ಟೈರನ್ನು ಹಾಕಿಸಿದವನು, ಗೇರಿನ ಲಾಭದಲ್ಲಿ ಶೇಕಡಾ ಏಳರಿಂದ ಹತ್ತರಷ್ಟನ್ನು ತಾನಾಗಿಯೇ ಬಿಟ್ಟುಕೊಟ್ಟಿರುತ್ತಾನೆ. ಬೆಟ್ಟ ಒಮ್ಮೆ ಕಸಿದುಕೊಂಡದ್ದನ್ನು ಟೈರು ಮತ್ತೊಮ್ಮೆ ಕಸಿದುಕೊಳ್ಳುತ್ತದೆ. ಅಂಥವನಿಗೆ ಟರ್ಬೊವೂ ಬೇಡ, ಬೋರೂ ಬೇಡ. ಹಳೆಯ ಅಳತೆಯ ಟೈರಿಗೆ ಮರಳಿದರೆ ಶಾಂತಳ್ಳಿಯ ಏರು ಸುಲಭವಾಗುತ್ತದೆ. ಮುಚ್ಚಿಹೋದ ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್ ಶೂ, ಜಾರುವ ಕ್ಲಚ್ ಇವುಗಳ ಪಾಪವನ್ನೂ ಎಂಜಿನ್ನಿನ ತಲೆಗೆ ಕಟ್ಟುವುದುಂಟು.

ಆದುದರಿಂದ, ಹತ್ತು ಹದಿನೈದು ಸಾವಿರದೊಳಗೆ ಖರ್ಚು ಮುಗಿಸಬೇಕೆನ್ನುವವನು ಟೈರು, ಫಿಲ್ಟರು, ಟ್ಯಾಪೆಟ್, ನಾಝಲುಗಳನ್ನು ಸರಿಮಾಡಿಸಿಕೊಂಡು ಅಲ್ಲಿಗೆ ನಿಲ್ಲುವುದು ಲೇಸು. ಅದಕ್ಕಿಂತ ಹೆಚ್ಚು ಕೊಡಬಲ್ಲವನ ಹಣ ಮೊದಲು ಬೋರು ಮತ್ತು ಪಂಪಿಗೆ ಸಲ್ಲಬೇಕು. ಎಂಜಿನ್ನು ಪೂರ್ತಿ ಸವೆದಿದ್ದು, ಕೆಲಸದ ಖರ್ಚು ಇನ್ನೊಂದು ಒಳ್ಳೆಯ ಎಂಜಿನ್ನಿನ ಬೆಲೆಯನ್ನು ಮುಟ್ಟುವಂತಿದ್ದರೆ, ಆಗ ಕಂಪನಿ ಟರ್ಬೊ ಇರುವ ಅದೇ ವಂಶದ ಎಂಜಿನ್ನನ್ನು ಕಾಗದ ಸಮೇತ ತರಬೇಕು. ಗಟ್ಟಿ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಜೋಡಿಸುವುದು ಹಣವೂ, ನುರಿತ ಮೇಸ್ತ್ರಿಯೂ, ಅಧಿಕಾರಿಯ ಅನುಮತಿಯೂ ಮೂರೂ ಇರುವವರ ಕೆಲಸ. ಯಾವ ದಾರಿ ಹಿಡಿದರೂ ಟರ್ಬೊ ಗಾಡಿಯನ್ನು ಏರು ಹತ್ತಿಸಿ ನಿಲ್ಲಿಸಿದೊಡನೆ ಕೀಲಿ ತಿರುಗಿಸದೆ, ಒಂದೆರಡು ನಿಮಿಷ ಹಾಗೆಯೇ ಓಡಗೊಡಿ. ಬಿಸಿಯಾದ ದಂಡದ ಸುತ್ತಲಿನ ಆಯಿಲು ನಿಂತಲ್ಲೇ ಸುಟ್ಟು ಕರಕಲಾದರೆ ಬೇರಿಂಗು ಉಳಿಯುವುದಿಲ್ಲ. ಎಂಜಿನ್ ಬದಲಿಸುವ ಯೋಚನೆಯಿದ್ದವರು, ಎಂಜಿನ್ನಿಗೆ ಮುಂಗಡ ಕೊಡುವ ಮೊದಲೇ ನೋಂದಣಿ ಪತ್ರವನ್ನು ಹಿಡಿದುಕೊಂಡು ಮಡಿಕೇರಿಯ ಸಾರಿಗೆ ಕಚೇರಿಗೆ ಒಮ್ಮೆ ಹೋಗಿಬನ್ನಿ. ಜೂನ್ ತಿಂಗಳಿನಲ್ಲಿ ಮಳೆ ಹಿಡಿದ ಮೇಲೆ ಲೇತಿನವನೂ ಬಿಡುವಾಗಿರುವುದಿಲ್ಲ, ಏರು ರಸ್ತೆಗಳೂ ಪರೀಕ್ಷೆಗೆ ಯೋಗ್ಯವಾಗಿರುವುದಿಲ್ಲ; ಕಂಪ್ರೆಶನ್ ಗೇಜನ್ನು ಈ ಬೇಸಿಗೆಯಲ್ಲೇ ಹಾಕಿಸಿ ನೋಡಿ.